ಮೆಣಸಿನಕಾಯಿ ಎಂಬ ಅಡ್ಡಹೆಸರು

ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ತಂದೆಯನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದಿದ್ದ. ಪುಣೆಯಲ್ಲಿ ಕೆಲಸ. ಅಡ್ಡಹೆಸರು, ಅಂದರೆ ಮನೆತನದ ಹೆಸರು, ಮೆಣಸಿನಕಾಯಿ. ಅದನ್ನು ತೆಗೆದು ಊರಿನ ಹೆಸರು ಹಾಕಿಸಬೇಕು ಅಂತ ಅವನ ಆಸೆ. 'ಅರ್ಥ ಹೇಳಿದ್ರ ಎಲ್ಲಾರೂ ನಗ್ತಾರ್ರಿ ಸರ್' ಎಂದ. ತಂದೆ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರನ್ನು ನೋಡಿ ನನಗೆ ಸಂಕಟವಾಯಿತು.

ಧಾರವಾಡದಲ್ಲಿ ವಕೀಲಿಕೆ ಮಾಡುವವರಿಗೆ ಹೆಸರಿನ ಕೆಲಸ ವಾರಕ್ಕೆರಡಾದರೂ ಇರುತ್ತದೆ. ವಾರಸಾ ಹಚ್ಚುವಾಗ (ತೀರಿಕೊಂಡವರ ಆಸ್ತಿಗೆ ವಾರಸುದಾರರ ಹೆಸರು ದಾಖಲಿಸುವಾಗ), ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಏರಿಸುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಜನ ಬರುತ್ತಾರೆ. ಹೆಸರು ಬದಲಿಸಿಕೊಳ್ಳುವುದು ಅವರವರ ಇಷ್ಟ. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಗೆಜೆಟ್‌ನಲ್ಲಿ ಹಾಕಿಸಿದರೆ ಆಯಿತು. ಆದರೆ ಬಿಡುತ್ತಿರುವುದು ಏನನ್ನು ಅಂತ ತಿಳಿದುಕೊಂಡೇ ಬಿಡಬೇಕು. ಹಾಗಾಗಿ ಅವತ್ತು ಕಾಗದ ತೆಗೆಯುವ ಮೊದಲು ಅವನಿಗೆ ಮೆಣಸಿನ ವಿಷಯ ಹೇಳಿದೆ.

ನಮ್ಮ ಹಳೆಯ ಕನ್ನಡದಲ್ಲಿ ಮೆಣಸು ಅಂದರೆ ಕಾಳುಮೆಣಸು ಮಾತ್ರ. ಬಸವಣ್ಣನವರ ಕಾಲದ ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿ ಇರಲೇ ಇಲ್ಲ. ಅದು ಅಮೆರಿಕ ಖಂಡದ ಗಿಡ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಗೋವಾ ಅವರ ಕೈಗೆ ಹೋದದ್ದು 1510ರಲ್ಲಿ. ಹೊಸ ವಸ್ತುವಿಗೆ ನಮ್ಮವರು ಹೊಸ ಪದ ಹುಡುಕಲಿಲ್ಲ. ನಾಲಿಗೆ ಗುರುತಿಸಿದ್ದು ಮೆಣಸಿನ ಖಾರ, ಕಣ್ಣಿಗೆ ಕಂಡದ್ದು ಕಾಳಲ್ಲ, ಉದ್ದನೆಯ ಕಾಯಿ. ಎರಡನ್ನೂ ಸೇರಿಸಿ ಮೆಣಸಿನಕಾಯಿ ಎಂದರು. ಕರಾವಳಿಯಲ್ಲಿ ಇನ್ನೊಂದು ಚಂದದ ಸಂಗತಿ ನಡೆಯಿತು. ಅಲ್ಲಿ ಮೆಣಸು ಎಂಬ ಹೆಸರನ್ನೇ ಈ ಹೊಸ ಕಾಯಿ ತೆಗೆದುಕೊಂಡಿತು. ಮೊದಲಿನಿಂದ ಇದ್ದ ಮೆಣಸು ಒಳ್ಳೆಮೆಣಸು ಆಯಿತು. ತುಳುವಿನಲ್ಲೂ ಹಾಗೇ, ಕಾಯಿ ಮುಂಚಿ, ಕಾಳು ಎಡ್ಡೆಮುಂಚಿ. ಎಡ್ಡೆ ಅಂದರೆ ಒಳ್ಳೆಯದು.

ಅಂದರೆ ಈ ಅಡ್ಡಹೆಸರಿಗೆ ಒಂದು ಗಡಿ ಇದೆ. 16ನೇ ಶತಮಾನಕ್ಕಿಂತ ಹಿಂದೆ ಯಾವ ಮನೆಗೂ ಇದು ಬಂದಿರಲು ಸಾಧ್ಯವಿಲ್ಲ. ಸಾಗರ ದಾಟಿ ಬಂದ ಒಂದು ಬೆಳೆ ನಮ್ಮ ಹೊಲಕ್ಕೆ, ಪ್ಯಾಟಿಗೆ ಇಳಿದು, ಕೊನೆಗೆ ಒಂದು ಮನೆತನದ ಗುರುತೇ ಆಯಿತು. ಇಷ್ಟು ಸ್ಪಷ್ಟವಾಗಿ ತನ್ನ ಕಾಲ ಹೇಳುವ ಹೆಸರುಗಳು ಕಡಿಮೆ. ನನಗಂತೂ ಇದು ಹೆಮ್ಮೆಪಡುವ ಹೆಸರು.

ಹೆಸರು ಬಂದ ದಾರಿಯೂ ಸರಳ. ನಮ್ಮ ಕಡೆ ಮನೆತನಗಳಿಗೆ ಮಾರುವ ಅಥವಾ ಬೆಳೆಯುವ ವಸ್ತುವಿನ ಹೆಸರು ಅಂಟಿಕೊಳ್ಳುತ್ತಿತ್ತು. ಬೆಲ್ಲದ, ತುಪ್ಪದ, ಅಕ್ಕಿ, ಉಳ್ಳಾಗಡ್ಡಿ, ಉಪ್ಪಿನ, ಹೀಗೆ. 'ಬೆಲ್ಲದವರ ಮನಿ' ಅಂತ ಊರವರು ಕರೆಯುತ್ತಿದ್ದರು. ಆ ಮಾತಿನ ಕೊನೆ ಉದುರಿ ದಾಖಲೆಯಲ್ಲಿ ಬರೀ ಬೆಲ್ಲದ ಉಳಿಯಿತು. ಈ ಹೆಸರುಗಳನ್ನು ಯಾರೂ ತಾವಾಗಿ ಇಟ್ಟುಕೊಂಡದ್ದಲ್ಲ. ಊರು ಕೊಟ್ಟದ್ದು. ಈ ತಂದೆಯ ಮುತ್ತಜ್ಜ ಚಕ್ಕಡಿಯಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಹುಬ್ಬಳ್ಳಿ ಪ್ಯಾಟಿಗೆ ಹೋಗುತ್ತಿದ್ದರಂತೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಅಲ್ಲಿನ ಡಬ್ಬಿ, ಕಡ್ಡಿ ತಳಿಗಳಿಗೆ 2011ರಲ್ಲಿ ಜಿಐ ಗುರುತೂ (ಆ ಪ್ರದೇಶದ್ದೇ ವಿಶೇಷ ಬೆಳೆ ಎಂಬ ಸರ್ಕಾರಿ ಮಾನ್ಯತೆ) ಸಿಕ್ಕಿದೆ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ.

ಹಾಗಿದ್ದರೆ ಪಾಟೀಲ, ಕುಲಕರ್ಣಿ ಎಲ್ಲೆಲ್ಲೂ ಸಿಗುತ್ತಾರೆ, ಮೆಣಸಿನಕಾಯಿ ಯಾಕೆ ಅಪರೂಪ? ಕಾರಣ ಹುದ್ದೆ. ಪಾಟೀಲ ಅಂದರೆ ಊರ ಗೌಡಕಿ, ಕುಲಕರ್ಣಿ ಅಂದರೆ ಊರ ಲೆಕ್ಕ. ಪ್ರತಿ ಊರಿಗೂ ಆ ಹುದ್ದೆ ಬೇಕಿತ್ತು, ಹಾಗಾಗಿ ಪ್ರತಿ ಊರಲ್ಲೂ ಆ ಹೆಸರು ಹುಟ್ಟಿತು. ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕಲು 1961ರಲ್ಲೇ ಕಾಯ್ದೆ ಬಂತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಮೆಣಸಿನಕಾಯಿ ಹಾಗಲ್ಲ. ಅಲ್ಲೊಂದು ಇಲ್ಲೊಂದು ಮನೆಗೆ ಮಾತ್ರ, ಅದೂ ಬೇರೆ ಬೇರೆ ಕಾರಣಕ್ಕೆ ಬಂದದ್ದು.

ಇಲ್ಲಿ ನನ್ನ ಕಕ್ಷಿದಾರರಿಗೆ ಯಾವಾಗಲೂ ಹೇಳುವ ಮಾತೊಂದಿದೆ. ಅಡ್ಡಹೆಸರು ಒಂದೇ ಇದ್ದ ಮಾತ್ರಕ್ಕೆ ರಕ್ತಸಂಬಂಧ ಅಲ್ಲ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಬ್ರಾಹ್ಮಣರಲ್ಲಿದ್ದಾರೆ, ಜೈನರಲ್ಲಿ, ಮುಸ್ಲಿಮರಲ್ಲೂ ಇದ್ದಾರೆ. 'ನಮ್ಮ ಹೆಸರೇ ಅವರದೂ ಐತಿ, ಆಸ್ತಿಯೊಳಗ ಪಾಲು ಬರತೈತೇನ್ರಿ' ಅಂತ ಕೇಳಿಕೊಂಡು ಬಂದವರಿದ್ದಾರೆ. ಬರುವುದಿಲ್ಲ. ವಂಶಾವಳಿ ಬೇರೆ, ಅಡ್ಡಹೆಸರು ಬೇರೆ.

ಹುಡುಗ ಕೇಳಿದ ಹಾಗೆ ಊರಿನ ಹೆಸರು ಹಾಕಿಕೊಳ್ಳುವುದೂ ನಮ್ಮಲ್ಲಿ ಹಳೆಯ ರೂಢಿಯೇ. ಮರಾಠಿಯಲ್ಲಿ ಊರಿಗೆ 'ಕರ' ಸೇರಿಸುತ್ತಾರೆ, ಕನ್ನಡದಲ್ಲಿ ಊರಿನ ಹೆಸರನ್ನೇ ಹಾಗೆ ಇಡುವುದು ಜಾಸ್ತಿ. ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಲ್ಲಿ. ಗಿರೀಶ ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನದಲ್ಲಿ, ಕಾರ್ನಾಡು ಇರುವುದು ಮೂಲ್ಕಿ ಹತ್ತಿರ. ಬಿಟ್ಟುಬಂದ ಊರೇ ಹೀಗೆ ಹೆಸರಾಗಿ ಜೊತೆಗೆ ಬರುತ್ತದೆ. ಊರಲ್ಲೇ ಇರುವವರನ್ನು ಆ ಊರಿನ ಹೆಸರಿಂದ ಗುರುತಿಸಿ ಏನು ಉಪಯೋಗ, ಅಲ್ವಾ?

ಹಳೇ ಮೈಸೂರಿನ ಗೆಳೆಯರಿಗೆ ಈ ಚರ್ಚೆಯೇ ಹೊಸದು. ಅಲ್ಲಿ ಊರು, ತಂದೆಯ ಹೆಸರು ಎರಡೂ ಇನಿಷಿಯಲ್ ಆಗಿ ಮುಂದೆ ಕೂರುತ್ತವೆ. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಮೂರು ಬರೆಯುವ ಪದ್ಧತಿ ಗಟ್ಟಿಯಾಯಿತು. 1956ರಲ್ಲಿ ರಾಜ್ಯ ಒಂದಾದರೂ ಹೆಸರು ಬರೆಯುವ ರೀತಿ ಎರಡಾಗಿಯೇ ಉಳಿದಿದೆ. ವಿದೇಶಕ್ಕೆ ಹೋಗುವಾಗ ಇದರ ಬಿಸಿ ತಟ್ಟುತ್ತದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂಬ ಮೂರಕ್ಷರ ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ ಕೂಡ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಅಡ್ಡಹೆಸರು ಇರುವವರಿಗೆ ಆ ತೊಂದರೆಯಿಲ್ಲ.

ನಮ್ಮ ತೊಂದರೆ ಇಂಗ್ಲಿಷ್ ಸ್ಪೆಲಿಂಗ್‌ನದು. ಮೆಣಸಿನಕಾಯಿ ಎಂಬುದನ್ನು ಒಬ್ಬರು 'ಕೆಎಐ' ಎಂದು ಮುಗಿಸುತ್ತಾರೆ, ಇನ್ನೊಬ್ಬರು 'ಕೆಎವೈಐ' ಎಂದು. ನಡುವೆ ಒಂದು ಐ ಬಿಟ್ಟುಹೋಗುತ್ತದೆ. ಈ ಹುಡುಗನ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ತಂದೆಯ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ಅಡ್ಡಹೆಸರು ತೆಗೆದುಹಾಕಿದರೆ ಇವು ಮಾಯವಾಗುವುದಿಲ್ಲ. ನಾಳೆ ತಂದೆಯ ಹೊಲದ ವಾರಸಾ ಹಚ್ಚುವಾಗ ಮಗನ ಹೆಸರೇ ಬೇರೆ, ತಂದೆಯದೇ ಬೇರೆ ಅಂತ ಇನ್ನೊಂದು ಗಂಟು ಸೇರುತ್ತದೆ, ಅಷ್ಟೇ. ಇದನ್ನು ಹೇಳಿ, ಒಂದು ವಾರ ಯೋಚನೆ ಮಾಡಿ ಬಾ ಎಂದೆ.

ವಾರದ ಮೇಲೆ ತಂದೆಯೊಬ್ಬರೇ ಬಂದರು. 'ವಕೀಲರ, ಹೆಸರು ಹಂಗ ಇರ್ಲಿ ಅಂದಾನ್ರಿ' ಎಂದರು. ಜೊತೆಗೆ ತಮ್ಮ ಕನ್ನಡ ಶಾಲೆಯ ಹಳೆಯ ದಾಖಲಾತಿಯ ಪ್ರತಿಯನ್ನೂ ತಂದಿದ್ದರು. ಮಾಸ್ತರರ ದುಂಡಗಿನ ಅಕ್ಷರದಲ್ಲಿ ಪೂರಾ ಹೆಸರು. ಮೂರೂ ಸ್ಪೆಲಿಂಗ್‌ನ ಮನೆತನ ಒಂದೇ ಎಂದು ಅಫಿಡವಿಟ್ ಮಾಡಿಸಿದೆವು. ಕೆಳಗೆ ಇಂಗ್ಲಿಷ್‌ನ ಮೂರು ರೂಪ ಬರೆದು, ಮೇಲೆ ಶಾಲೆಯ ದಾಖಲಾತಿಯಲ್ಲಿದ್ದ ಹಾಗೆ ಕನ್ನಡದಲ್ಲಿ ಮೆಣಸಿನಕಾಯಿ ಎಂದು ಬರೆದೆ. ಕನ್ನಡದಲ್ಲಿ ಅದಕ್ಕೆ ಎರಡನೆಯ ಸ್ಪೆಲಿಂಗ್ ಇರಲಿಲ್ಲ.