ಒಣಹುಲ್ಲು: ನಾವೇ ಮಾಡುವುದೋ, ಕೊಳ್ಳುವುದೋ

ಮೊದಲು ಎಷ್ಟು ಬೇಕು ಎಂಬ ಲೆಕ್ಕ. ಹಸು ದಿನಕ್ಕೆ ತನ್ನ ತೂಕದ ಸುಮಾರು ಶೇ. 2.5ರಷ್ಟು ಒಣ ಪದಾರ್ಥ (ಮೇವಿನಲ್ಲಿ ನೀರು ಕಳೆದು ಉಳಿಯುವ ಭಾಗ) ತಿನ್ನುತ್ತದೆ ಎಂದು ಹಿಡಿದರೆ, 400 ಕಿಲೋ ಹಸುವಿಗೆ 10 ಕಿಲೋ. ಚೆನ್ನಾಗಿ ಒಣಗಿದ ಹುಲ್ಲಿನಲ್ಲೂ ಶೇ. 15ರಷ್ಟು ನೀರಿರುತ್ತದೆ, ಆದ್ದರಿಂದ 10ನ್ನು 0.85ರಿಂದ ಭಾಗಿಸಬೇಕು, 11.8 ಕಿಲೋ. (ಗುಣಿಸಿದರೆ 8.5 ಬಂದು ಹಸು ಅರೆಹೊಟ್ಟೆ.) ಮೇಯಲು ಹಸಿರಿಲ್ಲದ 150 ದಿನಗಳಿಗೆ, ತುಳಿದು ಹಾಳಾಗುವ ಹತ್ತನೆಯ ಒಂದು ಪಾಲೂ ಸೇರಿ, ಹಸುವೊಂದಕ್ಕೆ ಸರಿಸುಮಾರು 2 ಟನ್.

ಇನ್ನು ಸಮಬಿಂದು, ಅಂದರೆ ಮಾಡಿದರೂ ಕೊಂಡರೂ ಖರ್ಚು ಒಂದೇ ಆಗುವ ಪ್ರಮಾಣ. ಕೊಂಡ ಹುಲ್ಲು ಸಾಗಣೆ ಸೇರಿ ಟನ್ನಿಗೆ 100 ಎನ್ನೋಣ (ಯಾವ ನಾಣ್ಯವಾದರೂ ಸರಿ). ನಾವೇ ಮಾಡಿದರೆ ಇಂಧನ, ಕೂಲಿ, ರಿಪೇರಿ, ಗೊಬ್ಬರ, ಪೆಂಡಿ ಕಟ್ಟುವ ದಾರ, ಹೊಲವನ್ನು ಗೇಣಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣ ಎಲ್ಲ ಸೇರಿ ಟನ್ನಿಗೆ 40. ಉಳಿತಾಯ 60. ಹುಲ್ಲು ಕೊಯ್ದು ಕಟ್ಟುವ ಯಂತ್ರಗಳ ವಾರ್ಷಿಕ ಸ್ಥಿರ ವೆಚ್ಚ (ಎಷ್ಟು ಟನ್ ಮಾಡಿದರೂ ಬದಲಾಗದ್ದು) 6,000 ಆದರೆ, 6,000 ÷ 60 = 100 ಟನ್. ಅಂದರೆ ಸುಮಾರು 50 ಹಸು. ಅದಕ್ಕಿಂತ ಕಡಿಮೆ ಇದ್ದರೆ ಕೊಳ್ಳುವುದೇ ಲಾಭ.

ನನ್ನ ತಲೆ ಕೆಡಿಸಿದ್ದು ಆ 6,000. ಯಂತ್ರ ಈಗಾಗಲೇ ಕೊಟ್ಟಿಗೆಯಲ್ಲಿದೆ, ಹಣ ಎಂದೋ ಕೊಟ್ಟಾಗಿದೆ, ಮತ್ತೇಕೆ ವೆಚ್ಚ? ಉತ್ತರ ಅದನ್ನು ಕೊಂಡ ಬೆಲೆಯಲ್ಲಿಲ್ಲ, ಇಂದು ಮಾರಿದರೆ ಸಿಗುವ ಬೆಲೆಯಲ್ಲಿದೆ. ಇಂದು 20,000ಕ್ಕೆ ಹೋಗುವ ಯಂತ್ರ ಮುಂದಿನ ವರ್ಷ 17,000ಕ್ಕೆ ಹೋಗುತ್ತದೆ ಎನ್ನಿ. ಇಟ್ಟುಕೊಂಡದ್ದಕ್ಕೆ 3,000 ಸವಕಳಿ. ಆ 20,000 ಬೇರೆಡೆ ಶೇ. 10ರಂತೆ ದುಡಿಯುತ್ತಿದ್ದ 2,000 ಬಡ್ಡಿಯೂ ಹೋಯಿತು. ನಿಲ್ಲಿಸುವ ಜಾಗ, ವಿಮೆ ಇನ್ನೊಂದು 1,000. ಒಟ್ಟು 6,000. ಹಿಂದೆ ಅದಕ್ಕೆ 50,000 ಕೊಟ್ಟಿದ್ದರೂ ಈ ನಿರ್ಧಾರಕ್ಕೆ ಅದು ಬೇಡ. ಯಾರೂ ಕೊಳ್ಳದ ಹಳೆಯ ಯಂತ್ರವಾದರೆ? ಸವಕಳಿ, ಬಡ್ಡಿ ಎರಡೂ ಸೊನ್ನೆ. ಉಳಿಯುವುದು 1,000, ಸಮಬಿಂದು 17 ಟನ್ನಿಗೆ ಇಳಿಯುತ್ತದೆ, ಎಂಟೊಂಬತ್ತು ಹಸು ಸಾಕು. ಒಂದೇ ಹಟ್ಟಿ, ಒಂದೇ ಹುಲ್ಲು, ಉತ್ತರ ಮಾತ್ರ ತಿರುವುಮುರುವು. ಆದರೆ ಹೊಸದಾಗಿ ಕೊಳ್ಳಲು ಹೊರಟವರು ಈ ಸೊನ್ನೆಯನ್ನು ನಂಬಬಾರದು. ಅವರಿಗೆ ಪೂರ್ತಿ ಬೆಲೆಯ ಸವಕಳಿ, ಬಡ್ಡಿ ಎರಡೂ ಇವೆ. ರಿಪೇರಿಯನ್ನು ನಾನು ಟನ್ನಿನ ಲೆಕ್ಕಕ್ಕೇ ಹಾಕುತ್ತೇನೆ, ಓಡಿಸಿದಷ್ಟೂ ಸವೆಯುತ್ತದೆ.

ಉಳಿದವು ಚುಟುಕಾಗಿ. ಕೊಯ್ದ ಹುಲ್ಲಿನ ಮೇಲೆ ಮಳೆ ಬಿದ್ದರೆ ಸಕ್ಕರೆಯಂಶ ತೊಳೆದುಹೋಗುತ್ತದೆ, ಶೇ. 20ಕ್ಕಿಂತ ಹೆಚ್ಚು ತೇವದಲ್ಲಿ ಕಟ್ಟಿದರೆ ಪೆಂಡಿ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಹೊಲದಿಂದ ಹುಲ್ಲು ಹೊತ್ತೊಯ್ದರೆ ಸಾರಜನಕ, ಪೊಟ್ಯಾಶ್ ಕೂಡ ಹೋಗುತ್ತವೆ. ಕೊಂಡ ಹುಲ್ಲಿನೊಂದಿಗೆ ಅವು ಸಗಣಿಯಾಗಿ ನಮ್ಮ ಹೊಲಕ್ಕೇ ಬರುತ್ತವೆ, ಜತೆಗೆ ಕಳೆ ಬೀಜಗಳೂ. ಪೆಂಡಿಯ ಲೆಕ್ಕದಲ್ಲಿ ಕೊಳ್ಳುವಾಗ ಕೆಲವನ್ನಾದರೂ ತೂಗಿಸಿ ನೋಡಿ, ಟನ್ನಿನ ಬೆಲೆ ಅಲ್ಲಿಂದಲೇ ಹೊರಡಬೇಕು. ಬಾಡಿಗೆ ಯಂತ್ರದವರಿಂದ ಕೊಯ್ಯಿಸಿದರೆ 6,000 ಪೂರ್ತಿ ಮಾಯವಾಗಿ 40 ಮಾತ್ರ ಏರುತ್ತದೆ. ಅದು 100 ಮುಟ್ಟುವವರೆಗೆ ಇಪ್ಪತ್ತು ಹಸುವಿನವರೂ ಹುಲ್ಲು ಮಾಡಬಹುದು, ಆದರೆ ಬಿಸಿಲಿರುವ ದಿನವೇ ಆತ ಬರಬೇಕು.