72 ಗಂಟೆ ಎಂದರೆ ಯಾವ ಗಳಿಗೆಯಿಂದ?

2021ರ ಜುಲೈ. ಲಾಕ್‌ಡೌನ್ ಸಡಿಲಗೊಂಡು ಮೈಸೂರು ಸರಸ್ವತಿಪುರಂನ ನಮ್ಮ ಟ್ರಾವೆಲ್ಸ್ ಕಚೇರಿಯ ಬಾಗಿಲು ಆಗಷ್ಟೇ ತೆರೆದಿತ್ತು. ಮದ್ದೂರು ಕಡೆಯ ದಂಪತಿ ಬಂದು ಕುಳಿತರು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಸೆಪ್ಟೆಂಬರ್‌ಗೆ ದಿನ ತುಂಬುತ್ತದೆ. ಪಾಸ್‌ಪೋರ್ಟ್‌ನಲ್ಲಿ ವೀಸಾ ಇತ್ತು, ಬಾಣಂತನಕ್ಕೆ ಒಯ್ಯಬೇಕಾದ ಸಾಮಾನಿನ ಪಟ್ಟಿಯೂ ತಯಾರಾಗಿತ್ತು. ಕೋವಿಶೀಲ್ಡ್‌ನ ಒಂದು ಡೋಸ್ ಆಗಿತ್ತು. "84 ದಿನ ಆಗೋಗಂಟ ಎರಡನೇದು ಕೊಡಾಕಿಲ್ಲ ಅಂತಾವ್ರೆ ಸಾರ್. ಫಾರಿನ್‌ಗೆ ಹೋಗೋರ್ಗೆ ಬೇಗ ಕೊಡ್ತಾರಂತಲ್ಲ, ಅದ್ಕೆ ಏನಾರ ಮಾಡಿ" ಎಂದರು ಯಜಮಾನರು.

ಬೇಗ ಕೊಡುತ್ತಿದ್ದದ್ದು ನಿಜ. ಆ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕ್ರಮದ ಪ್ರಕಾರ, ಓದಲು ಹೋಗುವವರಿಗೆ, ಕೆಲಸಕ್ಕೆ ಹೋಗುವವರಿಗೆ, ಟೋಕಿಯೊ ಒಲಿಂಪಿಕ್ಸ್ ತಂಡದವರಿಗೆ 28 ದಿನಗಳ ನಂತರವೇ ಎರಡನೇ ಡೋಸ್ ಸಿಗುತ್ತಿತ್ತು. ಬಾಣಂತನಕ್ಕೆ ಹೋಗುವ ಅಪ್ಪ ಅಮ್ಮ ಆ ಪಟ್ಟಿಯಲ್ಲಿ ಇರಲಿಲ್ಲ. ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಅದೇ ವರ್ಷ ಮೇ 4ರಿಂದ ಅಮೆರಿಕ ಭಾರತದಿಂದ ಬರುವ ಬಹುಪಾಲು ವಿದೇಶಿಯರಿಗೆ ಬಾಗಿಲು ಮುಚ್ಚಿತ್ತು. ವೀಸಾ ಇದೆಯಲ್ಲ ಎಂದು ಆ ತಾಯಿ ಮತ್ತೆ ಮತ್ತೆ ಪಾಸ್‌ಪೋರ್ಟ್ ಬಿಚ್ಚಿ ತೋರಿಸುತ್ತಿದ್ದರು. ವೀಸಾ ಬೇರೆ, ಆ ದಿನ ಒಳಗೆ ಬಿಟ್ಟುಕೊಳ್ಳುವುದು ಬೇರೆ ಎಂದು ಅವರಿಗೆ ಹೇಳಿದ್ದು ನನಗೆ ಇವತ್ತಿಗೂ ಸಂಕಟದ ನೆನಪು. ಹೆರಿಗೆಗೆ ಅವರು ಹೋಗಲಾಗಲಿಲ್ಲ.

ಮೂರು ವರ್ಷ ಇಂಥ ನಿಯಮಗಳ ನಡುವೆ ಜನರನ್ನು ಕಳಿಸಿ, ಕರೆಸಿಕೊಂಡು ನಾನು ಕಲಿತದ್ದನ್ನು ಬರೆದಿಡಬೇಕು ಅನಿಸಿದೆ. ಕೋವಿಡ್ ಕಾಲದ ಆ ನಿಯಮಗಳು ಈಗ ಬಹುತೇಕ ಇಲ್ಲ. ಅವು ಯಾವ ರೀತಿಯಲ್ಲಿ ಬದಲಾಗುತ್ತವೆ, ಎಲ್ಲಿ ಕೈ ಕೊಡುತ್ತವೆ ಎನ್ನುವುದು ಮಾತ್ರ ತಿಳಿದಿರಬೇಕು. ಮುಂದಿನ ಸಲ ಅವು ಬರುವುದು ರಾತ್ರೋರಾತ್ರಿಯೇ.

ಮೊದಲು, ನಿಮ್ಮನ್ನು ತಡೆಯುವವರು ಯಾರು ಎಂದು ನೋಡಿ. ಅಮೆರಿಕದ ಅಧಿಕಾರಿ ಅಮೆರಿಕದಲ್ಲಿ ತಡೆಯುತ್ತಾರೆ ಎಂದೇ ಎಲ್ಲರ ಎಣಿಕೆ. ನಮ್ಮವರನ್ನು ತಡೆದದ್ದು ಹೆಚ್ಚಾಗಿ ದೇವನಹಳ್ಳಿಯಲ್ಲಿ, ಚೆಕ್‌ಇನ್ ಕೌಂಟರಿನಲ್ಲಿ. ದಾಖಲೆ ಸರಿಯಿಲ್ಲದವರನ್ನು ಹೊತ್ತೊಯ್ದರೆ ವಿಮಾನ ಕಂಪನಿಯೇ ದಂಡ ಕಟ್ಟಿ ವಾಪಸ್ ಕರೆತರಬೇಕು. ಹಾಗಾಗಿ ಕೌಂಟರಿನವರು ಟಿಮ್ಯಾಟಿಕ್ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಪೌರತ್ವ, ಹೋಗುವ ದೇಶ, ನಡುವೆ ಇಳಿಯುವ ದೇಶ ಹಾಕಿ ನೋಡುತ್ತಾರೆ. ಜಗತ್ತಿನ ವಿಮಾನ ಕಂಪನಿಗಳ ಸಂಘವಾದ ಐಎಟಿಎ ನಡೆಸುವ ದಾಖಲೆ ಅದು. ಪರದೆಯ ಮೇಲೆ ಏನಿದೆಯೋ ಅದೇ ಅವರಿಗೆ ಕಾನೂನು. ರಾಯಭಾರ ಕಚೇರಿಯಿಂದ ಬಂದ ಹಳೆಯ ಇಮೇಲ್ ಆಗಲಿ, ಭಾವಮೈದುನ ಹೋದ ತಿಂಗಳು ಹೀಗೇ ಹೋಗಿಬಂದ ಎಂಬ ಮಾತಾಗಲಿ ಅಲ್ಲಿ ನಡೆಯುವುದಿಲ್ಲ. ಅದೇ ಮಾಹಿತಿಯನ್ನು ಎಷ್ಟೋ ವಿಮಾನ ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಯಾಣಿಕರಿಗೂ ತೋರಿಸುತ್ತವೆ. ನಾನು ಮೂರು ಸಲ ನೋಡುತ್ತೇನೆ: ಟಿಕೆಟ್ ಮಾಡುವಾಗ, ವಾರ ಮುಂಚೆ, ಮನೆಯಿಂದ ಕಾರು ಹೊರಡುವ ದಿನ. ಮೂರನೆಯದನ್ನು ಮಾತ್ರ ಮುದ್ರಿಸಿ ಫೈಲಿಗೆ ಹಾಕಿ ಕೊಡುತ್ತೇನೆ, ದಿನಾಂಕ ಕಾಣುವಂತೆ.

ಇನ್ನು ಗಂಟೆಗಳ ಲೆಕ್ಕ. ಅತಿ ಹೆಚ್ಚು ಜನ ಎಡವಿದ್ದು ಇಲ್ಲೇ. "72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್" ಎಂದು ಓದಿದ ಕೂಡಲೇ ಎಲ್ಲರೂ ಮೂರು ದಿನ ಎಂದುಕೊಂಡು ಲ್ಯಾಬಿಗೆ ಓಡುತ್ತಿದ್ದರು. ನಾನು ಎರಡು ಪ್ರಶ್ನೆ ಕೇಳುತ್ತಿದ್ದೆ. ಗಡಿಯಾರ ಶುರುವಾಗುವುದು ಮೂಗಿನಿಂದ ಸ್ವಾಬ್ ತೆಗೆದಾಗಲೋ, ರಿಪೋರ್ಟ್ ಬಂದಾಗಲೋ? ನಿಲ್ಲುವುದು ವಿಮಾನ ಏರಿದಾಗಲೋ, ಆ ಕಡೆ ಇಳಿದಾಗಲೋ? ಸಾಮಾನ್ಯವಾಗಿ ಶುರು ಸ್ವಾಬ್ ತೆಗೆದ ಗಳಿಗೆಯಿಂದ. ಕೊನೆ ಮಾತ್ರ ದೇಶಕ್ಕೊಂದು ಥರ.

ನಮ್ಮ ಊರಿನಿಂದಲೇ ಲೆಕ್ಕ ಹಾಕೋಣ. ಭಾನುವಾರ ಬೆಳಗಿನ ಜಾವ 3ಕ್ಕೆ ದೇವನಹಳ್ಳಿಯಿಂದ ವಿಮಾನ. ಏರುವ ಹೊತ್ತಿಗೆ 72 ಗಂಟೆ ಎಂದಿದ್ದರೆ ಗುರುವಾರ ಬೆಳಗಿನ ಜಾವ 3ರ ನಂತರ ಯಾವಾಗ ಸ್ವಾಬ್ ಕೊಟ್ಟರೂ ಆಯಿತು. ಇಳಿಯುವ ಹೊತ್ತಿಗೆ ಎಂದಿದ್ದು, ಪ್ರಯಾಣ 22 ಗಂಟೆಯದಾದರೆ, ಇಳಿಯುವುದು ನಮ್ಮ ಗಡಿಯಾರದಲ್ಲಿ ಸೋಮವಾರ ಬೆಳಗಿನ ಜಾವ 1ಕ್ಕೆ. ಹಿಂದಕ್ಕೆ ಎಣಿಸಿದರೆ ಶುಕ್ರವಾರ ಬೆಳಗಿನ ಜಾವ 1 ಗಂಟೆ. ಗುರುವಾರ ಕೊಟ್ಟ ಸ್ವಾಬ್ ಕಸವಾಯಿತು. ಶುಕ್ರವಾರ ಬೆಳಿಗ್ಗೆ 9ಕ್ಕೆ ಲ್ಯಾಬ್ ತೆರೆದ ಕೂಡಲೇ ಕೊಡಬೇಕು. ಶನಿವಾರ ಸಂಜೆ 6ಕ್ಕೆಲ್ಲ ಮೈಸೂರು ಬಿಡಬೇಕು. ಆಗ ಈಗಿನ ಎಕ್ಸ್‌ಪ್ರೆಸ್ ರಸ್ತೆ ಇರಲಿಲ್ಲ, ಮಂಡ್ಯ, ಮದ್ದೂರು, ಚನ್ನಪಟ್ಟಣಗಳ ಒಳಗೇ ನುಸುಳಿ ಹೋಗಬೇಕಿತ್ತು. ಬೆಂಗಳೂರು ದಾಟುವುದಕ್ಕೇ ಇನ್ನೊಂದು ಲೆಕ್ಕ. ಅಂದರೆ ರಿಪೋರ್ಟಿಗೆ ಉಳಿದದ್ದು 33 ಗಂಟೆ. ಅದಕ್ಕೇ ನಾನು ಲ್ಯಾಬಿನವರನ್ನು ಮೊದಲು ಕೇಳುತ್ತಿದ್ದದ್ದು ದರವನ್ನಲ್ಲ. ಸ್ವಾಬನ್ನು ಇಲ್ಲೇ ಪರೀಕ್ಷೆ ಮಾಡುತ್ತೀರೋ, ಬೆಂಗಳೂರಿಗೆ ಕಳಿಸುತ್ತೀರೋ ಎಂದು. ಕಳಿಸುತ್ತೇವೆ ಎಂದರೆ ಪ್ರಯಾಣಿಕರನ್ನೇ ಒಂದು ದಿನ ಮೊದಲು ಬೆಂಗಳೂರಿಗೆ ಕಳಿಸಿ ನೆಂಟರ ಮನೆಯಲ್ಲಿ ಇರಿಸುತ್ತಿದ್ದೆ.

ಗಂಟೆ ಬೇರೆ, ದಿನ ಬೇರೆ. ಮದ್ದೂರಿನ ದಂಪತಿಗೆ ಕೊನೆಗೂ ದಾರಿ ತೆರೆದದ್ದು 2021ರ ನವೆಂಬರ್ 8ರಂದು, ಎರಡೂ ಡೋಸ್ ಆದವರಿಗೆ ಅಮೆರಿಕ ಬಾಗಿಲು ತೆರೆದಾಗ. ಡಿಸೆಂಬರ್ 12, ಭಾನುವಾರ ಬೆಳಗಿನ ಜಾವಕ್ಕೆ ಫ್ರಾಂಕ್‌ಫರ್ಟ್ ಮೂಲಕ ಟಿಕೆಟ್ ಮಾಡಿದೆವು. ನವೆಂಬರ್ 26ರಂದು ಏನೇನು ನಡೆಯಿತು ನೋಡಿ. ಡಿಸೆಂಬರ್ 15ರಿಂದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ಶುರು ಎಂದು ನಮ್ಮ ಸರ್ಕಾರ ಪ್ರಕಟಿಸಿದ ದಿನವೇ ವಿಶ್ವ ಆರೋಗ್ಯ ಸಂಸ್ಥೆ ಓಮಿಕ್ರಾನ್‌ಗೆ ಹೆಸರಿಟ್ಟಿತು. ಡಿಸೆಂಬರ್ 1ಕ್ಕೆ ಆ ಪ್ರಕಟಣೆ ಹಿಂದೆ ಸರಿಯಿತು. ಮರುದಿನ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣ ಬೆಂಗಳೂರಿನಲ್ಲೇ ಇವೆ ಎಂದು ಸುದ್ದಿ ಬಂತು. ಡಿಸೆಂಬರ್ 6ರಿಂದ ಅಮೆರಿಕ ಪರೀಕ್ಷೆಯ ಅವಧಿಯನ್ನು ಮೂರು ದಿನದಿಂದ ಒಂದು ದಿನಕ್ಕೆ ಇಳಿಸಿತು. ನಮ್ಮವರದು ಏರ್ ಬಬಲ್ ಒಪ್ಪಂದದ, ಅಂದರೆ ಮಾಮೂಲಿ ವಿಮಾನಗಳು ನಿಂತಿದ್ದಾಗ ಎರಡು ದೇಶಗಳು ಮಾತಾಡಿಕೊಂಡು ಓಡಿಸುತ್ತಿದ್ದ ವಿಮಾನವಾದ್ದರಿಂದ ಟಿಕೆಟ್ ಉಳಿಯಿತು, ಪರೀಕ್ಷೆಯ ಏರ್ಪಾಡೆಲ್ಲ ಹೊಸದಾಗಿ ಮಾಡಬೇಕಾಯಿತು.

ಯಜಮಾನರು ಗಾಬರಿಯಿಂದ ಫೋನ್ ಮಾಡಿದರು, 24 ಗಂಟೆಯಲ್ಲಿ ಇದೆಲ್ಲ ಆಗುವ ಮಾತೇ ಎಂದು. ಆದೇಶದಲ್ಲಿ ಇದ್ದದ್ದು 24 ಗಂಟೆ ಅಲ್ಲ, ಒಂದು ದಿನ. ಭಾನುವಾರ ರಾತ್ರಿ 9ಕ್ಕೆ ವಿಮಾನವಿದ್ದರೂ ಶನಿವಾರ ಬೆಳಿಗ್ಗೆ 8ರ ಪರೀಕ್ಷೆ ನಡೆಯುತ್ತಿತ್ತು. ಆ್ಯಂಟಿಜೆನ್ ಪರೀಕ್ಷೆಯೂ ಸಾಕಿತ್ತು. ಒಂದೇ ಬುಕಿಂಗ್‌ನಲ್ಲಿ ಇಡೀ ಪ್ರಯಾಣವಿದ್ದು, ನಡುವಿನ ಕಾಯುವಿಕೆ 24 ಗಂಟೆ ಮೀರದಿದ್ದರೆ ಬೆಂಗಳೂರಿನಿಂದ ಏರುವ ಮೊದಲ ವಿಮಾನದಿಂದಲೇ ಲೆಕ್ಕ. ಶನಿವಾರ ಬೆಳಿಗ್ಗೆ ಮೈಸೂರಿನಲ್ಲೇ ಪರೀಕ್ಷೆಯಾಯಿತು, ಮಧ್ಯಾಹ್ನ ಊಟದ ಹೊತ್ತಿಗೆ ರಿಪೋರ್ಟ್ ಕೈಯಲ್ಲಿತ್ತು.

ಈ "ಒಂದೇ ಬುಕಿಂಗ್" ಎಂಬ ಮಾತಿಗೆ ನಾನು ತೆತ್ತ ಬೆಲೆ ಹೇಳಬೇಕು. ಅದಕ್ಕೂ ಕೆಲವು ತಿಂಗಳ ಹಿಂದೆ ಕುವೆಂಪುನಗರದ ಒಬ್ಬ ತಾಯಿಗೆ, ದುಡ್ಡು ಉಳಿಯುತ್ತದೆ ಎಂದು, ಎರಡು ಬೇರೆ ಬೇರೆ ಕಂಪನಿಗಳ ಎರಡು ಟಿಕೆಟ್ ಮಾಡಿಕೊಟ್ಟೆ. ಬೇರೆ ಟಿಕೆಟ್ ಎಂದರೆ ನಡುವಿನ ಊರಿನಲ್ಲಿ ಲಗೇಜ್ ಪಡೆದು ಮತ್ತೆ ಚೆಕ್‌ಇನ್ ಮಾಡಬೇಕು. ಅದಕ್ಕಾಗಿ ಆ ದೇಶದೊಳಗೆ ಕಾಲಿಡಬೇಕು. ಆಗ ಆ ದೇಶ ಭಾರತದಿಂದ ಬರುವವರನ್ನು ಒಳಗೆ ಬಿಡುತ್ತಿರಲಿಲ್ಲ. ಕೊನೆಯ ಊರಿನ ನಿಯಮವನ್ನು ನಾನು ಅಕ್ಷರಕ್ಷರ ಓದಿದ್ದೆ, ದಾರಿಯ ಊರಿನದನ್ನು ಓದಿರಲಿಲ್ಲ. ಅವರು ನಡುರಾತ್ರಿ ಕೌಂಟರಿನಿಂದ ಹಿಂದಿರುಗಿ, ಅಷ್ಟು ದೂರ ಒಬ್ಬರೇ ಕಾರಿನಲ್ಲಿ ವಾಪಸ್ ಬಂದರು. ತಪ್ಪು ಪೂರ್ತಿ ನನ್ನದು. ಹಣ ಹಿಂದಿರುಗಿಸಿದೆ, ಆ ರಾತ್ರಿಯನ್ನು ಹಿಂದಿರುಗಿಸಲು ಆಗಲಿಲ್ಲ. ಅಂದಿನಿಂದ ವಯಸ್ಸಾದವರಿಗೆ ಎಷ್ಟೇ ಅಗ್ಗವಿರಲಿ ಬೇರೆ ಬೇರೆ ಟಿಕೆಟ್ ಮಾಡುವುದಿಲ್ಲ.

ಹೆಸರಿನ ಸಂಗತಿ ನಮ್ಮ ಕಡೆಯವರಿಗೇ ವಿಶೇಷವಾದದ್ದು. ಊರಿನ ಹೆಸರಿಗೊಂದು, ಅಪ್ಪನ ಹೆಸರಿಗೊಂದು ಇನಿಶಿಯಲ್ ಇಟ್ಟುಕೊಳ್ಳುವವರು ನಾವು. ಆಧಾರ್‌ನಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅವು ಬಿಡಿಸಿಕೊಂಡು ಉದ್ದ ಹೆಸರು. ಕೋವಿನ್ ಪ್ರಮಾಣಪತ್ರದಲ್ಲಿ ಲಸಿಕೆ ಕೇಂದ್ರದಲ್ಲಿ ಯಾರೋ ಆಧಾರ್ ನೋಡಿ ಟೈಪ್ ಮಾಡಿದ್ದು. ಲ್ಯಾಬಿನ ಚೀಟಿಯಲ್ಲಿ ಫೋನಿನಲ್ಲಿ ಕೇಳಿಸಿದ್ದು. ನಾಲ್ಕು ಕಾಗದ, ನಾಲ್ಕು ಮನುಷ್ಯರು. ಕೋವಿನ್‌ನಲ್ಲಿ ತಿದ್ದುಪಡಿಗೆ ಅವಕಾಶವಿತ್ತು, ಆದರೆ ಒಂದೇ ಸಲ. ಆತುರದಲ್ಲಿ ತಪ್ಪಾಗಿ ತಿದ್ದಿಕೊಂಡವರನ್ನು ಕಂಡಿದ್ದೇನೆ. ಹೆಸರು ಸರಿಯಿದ್ದರೂ ಸಾಲದ ಕಾಲವೂ ಇತ್ತು. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿ, ನಮ್ಮ ಪ್ರಮಾಣಪತ್ರವನ್ನು ಒಪ್ಪದೆ ಕೂತಿತ್ತು. ಅದರಲ್ಲಿ ಪೂರ್ಣ ಜನ್ಮದಿನಾಂಕ ಇರಲಿಲ್ಲ. ಭಾರತವೂ ಅಕ್ಟೋಬರ್ 4ರಿಂದ ಬ್ರಿಟನ್ನಿನವರಿಗೆ ಕ್ವಾರಂಟೈನ್ ವಿಧಿಸಿತು. ಒಂದೇ ವಾರದಲ್ಲಿ, 11ರಂದು, ಅಲ್ಲಿನ ನಿಯಮ ಸಡಿಲವಾಯಿತು. ಕೋವ್ಯಾಕ್ಸಿನ್ ತೆಗೆದುಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ನವೆಂಬರ್ 3ರವರೆಗೂ ಕಾದರು.

ಇಂದಿಗೂ ನನ್ನ ಮೊದಲ ಕೆಲಸ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಟಿಕೆಟ್, ವೀಸಾ, ವಿಮೆಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವುದು. ಮಂಡ್ಯ ಜಿಲ್ಲೆಯ ಹಿರಿಯರಲ್ಲಿ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ಇನ್ನೊಂದು ಅಂಕಣ ಖಾಲಿ ಇರುವವರು ಬೇಕಾದಷ್ಟು ಜನ. 2022ರ ನವೆಂಬರ್‌ನಲ್ಲಿ ಯುಎಇ ಅಂಥವರನ್ನು ಪ್ರವಾಸಿ ವೀಸಾದ ಮೇಲೆ ಬಿಟ್ಟುಕೊಳ್ಳುವುದಿಲ್ಲ ಎಂದಿತು. ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು. ಇದಕ್ಕಾಗಿ ಬೆಂಗಳೂರಿಗೆ ಅಲೆಯುವ ಕಾಲ ಹೋಯಿತು.

ಆಫ್ರಿಕಾದ ಕೀನ್ಯಾ, ಉಗಾಂಡಾಗಳಿಗೆ ಹೋಗುವವರಿಗೆ ಇವೆಲ್ಲ ಹೊಸದಲ್ಲ. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ತೆಗೆದುಕೊಂಡಿರಬೇಕು. ಆ ಲಸಿಕೆಯ ಪ್ರಮಾಣಪತ್ರವಾದ ಹಳದಿ ಕಾರ್ಡ್ ಇಲ್ಲದೆ ಅಲ್ಲಿಂದ ಮರಳಿದರೆ ನಮ್ಮ ದೇಶವೇ 6 ದಿನದವರೆಗೆ ಪ್ರತ್ಯೇಕವಾಗಿಡಬಹುದು. ಸಫಾರಿಗೆ ಹೊರಟವರು ಹೋಗುವುದರ ಬಗ್ಗೆಯೇ ವಿಚಾರಿಸುತ್ತಾರೆ. ಬರುವುದರ ಬಗ್ಗೆ ಕೇಳುವವರು ಕಡಿಮೆ.

ಮದ್ದೂರಿನವರು ಬರುವಾಗಲೂ ಹಾಗೇ ಆಯಿತು. ಆರು ತಿಂಗಳು ಮೊಮ್ಮಗನೊಂದಿಗೆ ಕಳೆದು 2022ರ ಜೂನ್ ಮೊದಲ ವಾರದಲ್ಲಿ ಹೊರಟರು. ಸ್ವಂತ ದೇಶಕ್ಕೆ ಬರಲು ಏನು ಕಾಗದ ಎಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಏರ್ ಸುವಿಧಾ ಜಾಲತಾಣದಲ್ಲಿ ಘೋಷಣೆ ತುಂಬಿ, ಲಸಿಕೆಯ ಪ್ರಮಾಣಪತ್ರ ಸೇರಿಸಬೇಕಿತ್ತು. ಇಲ್ಲದಿದ್ದರೆ ಅಲ್ಲಿಯೇ ತಡೆ. ಹೊರಡುವ ಹಿಂದಿನ ದಿನ ನಾನೇ ಫೋನ್ ಮಾಡಿ ನೆನಪಿಸಿದೆ. ಅಳಿಯ ಕೂತು ತುಂಬಿದರು. ಆ ಪದ್ಧತಿ ಅದೇ ವರ್ಷ ನವೆಂಬರ್ 22ಕ್ಕೆ ನಿಂತಿತು. ಸಿಂಗಪುರಕ್ಕೆ ಡಿಸೆಂಬರ್‌ನಲ್ಲಿ ನಿಶ್ಚಿಂತೆಯಿಂದ ಹೋದ ಇನ್ನೊಂದು ಕುಟುಂಬ ಜನವರಿಯಲ್ಲಿ ಮರಳುವಷ್ಟರಲ್ಲಿ, ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಥಾಯ್ಲೆಂಡ್‌ಗಳ ಜೊತೆ ಸಿಂಗಪುರವನ್ನೂ ಸೇರಿಸಿ ಅದು 2023ರ ಜನವರಿ 1ರಿಂದ ಮತ್ತೆ ಜಾರಿಯಲ್ಲಿತ್ತು, 72 ಗಂಟೆಯ ಪರೀಕ್ಷೆಯ ಸಮೇತ. ಹಿಂದಿರುಗುವ ದಿನಕ್ಕೆ ನಾಲ್ಕು ದಿನ ಮುಂಚೆ ಒಂದು ಫೋನ್ ಎಂದು ನನ್ನ ಡೈರಿಯಲ್ಲಿ ಪ್ರತಿ ಟಿಕೆಟ್ಟಿನ ಪಕ್ಕ ಬರೆದುಕೊಳ್ಳುವುದು ಆಗಿನಿಂದ ಶುರುವಾಯಿತು. ಆ ಫೋನ್ ಈಗಲೂ ಮಾಡುತ್ತೇನೆ.