ಸ್ಟೇಟಸ್ ಹಾಕಿದರೂ ಪ್ರಕಟಣೆಯೇ

ಮೊನ್ನೆ ಒಬ್ಬರು ಬಟ್ಟೆ ಚೀಲದಿಂದ ಸ್ಟೀಲಿನ ಕಾಫಿ ಫಿಲ್ಟರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ನಡು ಸಣ್ಣ, ಮುಚ್ಚಳದ ಮೇಲೆ ಮೊಗ್ಗಿನಂಥ ಹಿಡಿ. ನೋಡಿದ ಕೂಡಲೇ ಇಷ್ಟವಾಯಿತು. "ಇದಕ್ಕೆ ಡಿಸೈನ್ ರಿಜಿಸ್ಟ್ರೇಶನ್ ಮಾಡಿಸಬೇಕು ಸಾರ್" ಅಂದರು. ವಸ್ತುವಿನ ಹೊಸ ಆಕಾರವನ್ನು ಬೇರೆಯವರು ನಕಲು ಮಾಡದಂತೆ ತಡೆಯುವ ಹಕ್ಕು ಅದು. ಅದಕ್ಕೆ ಅರ್ಜಿ ಬರೆಯುವುದು ನನ್ನ ಕೆಲಸ.

ಯಾರಿಗಾದರೂ ತೋರಿಸಿದ್ದೀರಾ ಅಂತ ಕೇಳಿದೆ.

"ಇಲ್ಲ ಸಾರ್. ಸುಮ್ನೆ ವಾಟ್ಸಾಪ್ ಸ್ಟೇಟಸ್ ಹಾಕಿದ್ದೆ. ಒಂದು ಮೇಳದಲ್ಲಿ ಹತ್ತು ಹನ್ನೆರಡು ಮಾರಿದೆ, ಅಷ್ಟೇ."

ಆ 'ಅಷ್ಟೇ'ಯಲ್ಲೇ ಹಕ್ಕು ಕೈಜಾರಿತ್ತು. ಅವರಿಗೆ ಅದನ್ನು ಹೇಳುವಾಗ ನನಗೂ ಸಂಕಟವಾಯಿತು.

ಕಥೆ, ಕವಿತೆ ಬರೆಯುವವರಿಗೆ 'ಬೇರೆಲ್ಲೂ ಪ್ರಕಟವಾಗಿರಬಾರದು' ಎಂಬ ಷರತ್ತು ಗೊತ್ತು. ಫೇಸ್‌ಬುಕ್ಕಿನಲ್ಲಿ ಹಾಕಿದ ಕವಿತೆಯನ್ನು ಸಂಪಾದಕರು ಬೇಡ ಅನ್ನಬಹುದು. ಆದರೂ ಅದರ ಕಾಪಿರೈಟ್ ಕವಿಯ ಹತ್ತಿರವೇ ಇರುತ್ತದೆ. ವಸ್ತುವಿನ ಆಕಾರಕ್ಕೆ ಆ ಭಾಗ್ಯವಿಲ್ಲ. 2000ದ ವಿನ್ಯಾಸ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅರ್ಜಿ ಹಾಕುವ ಮೊದಲೇ ಭಾರತದಲ್ಲಾಗಲಿ ಹೊರದೇಶದಲ್ಲಾಗಲಿ ಜನರಿಗೆ ಗೊತ್ತಾದ ವಿನ್ಯಾಸಕ್ಕೆ ನೋಂದಣಿ ಸಿಗದು. ಅಚ್ಚಾಗಿರಲಿ, ಮಾರಾಟವಾಗಿರಲಿ, ಬೇರೆ ಯಾವ ರೀತಿಯಲ್ಲೇ ಆಗಿರಲಿ. ತೋರಿಸಿದ್ದು ನೀವೇ ಆದರೂ ಅಷ್ಟೇ.

"ಸ್ಟೇಟಸ್ ಮಾರನೇ ದಿನ ಹೋಯ್ತಲ್ವಾ? ಯಾರಿಗೆ ಗೊತ್ತಾಗುತ್ತೆ?" ಅಂತ ಅವರು ಕೇಳಿದರು. ನಿಜ, ಅರ್ಜಿ ಪರಿಶೀಲಿಸುವ ಅಧಿಕಾರಿಯ ಕಣ್ಣಿಗೆ ಬೀಳದೆ ಸರ್ಟಿಫಿಕೇಟ್ ಬಂದರೂ ಬರಬಹುದು. ಆದರೆ ನಕಲು ಮಾಡಿದವನ ಮೇಲೆ ಕೇಸು ಹಾಕಿದ ದಿನ ಅವನ ವಕೀಲರು ಹುಡುಕುವ ಮೊದಲ ವಸ್ತುವೇ ಆ ಸ್ಕ್ರೀನ್‌ಶಾಟ್, ಆ ಮೇಳದ ಬಿಲ್ಲು. 19ನೇ ಸೆಕ್ಷನ್ನಿನಲ್ಲಿ ನೋಂದಣಿಯೇ ರದ್ದಾಗುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2014ರ ಡಿಸೆಂಬರಿನಲ್ಲಿ ಗಾಯಕಿ ರಿಹಾನಾ, ದಪ್ಪ ಕಪ್ಪು ಅಟ್ಟೆಯ ಬಿಳಿ ಪೂಮಾ ಶೂ ಹಾಕಿಕೊಂಡ ಫೋಟೊಗಳು ಇನ್‌ಸ್ಟಾಗ್ರಾಮಿಗೆ ಬಂದವು. ಅಂಥದೇ ಶೂಗೆ ಪೂಮಾ ಯುರೋಪಿನಲ್ಲಿ ಅರ್ಜಿ ಹಾಕಿದ್ದು 2016ರ ಜುಲೈನಲ್ಲಿ. ಯುರೋಪಿನಲ್ಲಿ ತೋರಿಸಿದ ಮೇಲೂ 12 ತಿಂಗಳು ಅವಕಾಶವಿದೆ, ಅದೂ ಮುಗಿದಿತ್ತು. ಆ ನೋಂದಣಿ ಅಸಿಂಧು ಎಂಬುದನ್ನು 2024ರ ಮಾರ್ಚಿನಲ್ಲಿ ಅಲ್ಲಿನ ಜನರಲ್ ಕೋರ್ಟ್ ಎತ್ತಿಹಿಡಿಯಿತು. ನಮ್ಮ ಕಾಯ್ದೆಯಲ್ಲಿ ಅಂಥ ಸಾಮಾನ್ಯ ರಿಯಾಯಿತಿಯೇ ಇಲ್ಲ.

ಹಾಗಂತ ಯಾರಿಗೂ ತೋರಿಸಲೇಬಾರದು ಅಂತಲ್ಲ. ಅಚ್ಚು ಮಾಡುವವರಿಗೆ, ಪಾಲುದಾರರಿಗೆ ತೋರಿಸದೆ ಕೆಲಸ ಆಗೋದು ಹೇಗೆ? ಗುಟ್ಟಾಗಿಡಬೇಕು ಎಂಬ ಒಪ್ಪಂದದ ಮೇಲೆ ತೋರಿಸಿದ್ದು ಪ್ರಕಟಣೆಯಲ್ಲ. ಅವರು ನಂಬಿಕೆ ಮುರಿದು ಹೊರಗೆ ಬಿಟ್ಟರೂ 16ನೇ ಸೆಕ್ಷನ್ ನಿಮ್ಮನ್ನು ಕಾಯುತ್ತದೆ. ಬಾಯಿಮಾತು ಸಾಲದು, ಒಂದು ಸಾಲಾದರೂ ಬರೆದು ಸಹಿ ಹಾಕಿಸಿಕೊಳ್ಳಿ. ನೇಕಾರರು ಇದೇ ಸೆಕ್ಷನ್ನನ್ನು ಗಮನಿಸಬೇಕು: ಬಟ್ಟೆಯ ಹೊಸ ವಿನ್ಯಾಸಕ್ಕೆ ಬಂದ ಮೊದಲ ಗುಟ್ಟಿನ ಆರ್ಡರ್ ಒಪ್ಪಿಕೊಂಡರೆ ಅದು ಪ್ರಕಟಣೆ ಆಗುವುದಿಲ್ಲ. ಮೊದಲನೆಯದು, ಗುಟ್ಟಿನದು, ಎರಡೂ ಆಗಿರಬೇಕು. ಹೊಸ ಸೀರೆಯ ಫೋಟೊವನ್ನು ಹತ್ತು ಅಂಗಡಿಗಳಿಗೆ ಕಳಿಸಿದ ಮೇಲೆ ಈ ರಕ್ಷಣೆ ಸಿಗದು.

ಮೇಳಗಳ ವಿಷಯದಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. 21ನೇ ಸೆಕ್ಷನ್ ರಿಯಾಯಿತಿ ಕೊಡುತ್ತದೆ ನಿಜ, ಆದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ ಮಾತ್ರ. ಅಲ್ಲಿ ತೋರಿಸುವ ಮೊದಲೇ ಕಂಟ್ರೋಲರ್‌ಗೆ, ಅಂದರೆ ವಿನ್ಯಾಸ ನೋಂದಣಿಯ ಮುಖ್ಯ ಅಧಿಕಾರಿಗೆ, ನೋಟಿಸ್ ಕೊಟ್ಟಿರಬೇಕು, ತೋರಿಸಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ನಮ್ಮವರು ಇಟ್ಟಿದ್ದ ಮಳಿಗೆ ಅಂಥದಾಗಿರಲಿಲ್ಲ.

ಆ ಫಿಲ್ಟರಿಗೆ ನಾನು ಅರ್ಜಿ ಬರೆಯಲಿಲ್ಲ. ಅದರ ಜೋಡಿ ಲೋಟ ಡಬರಾ ಇನ್ನೂ ಪೆನ್ಸಿಲ್ ಚಿತ್ರದಲ್ಲೇ ಇದೆ, ಯಾರೂ ನೋಡಿಲ್ಲ. ಅದರ ಅರ್ಜಿ ಈ ವಾರ ಹೋಗುತ್ತದೆ. ಅಲ್ಲಿಯವರೆಗೆ ಆ ಹಾಳೆಯ ಫೋಟೊ ಕೂಡ ಯಾರಿಗೂ ಕಳಿಸಬೇಡಿ ಅಂತ ಹೇಳಿ ಕಳಿಸಿದ್ದೇನೆ.